ಒಂದೇ ಗದ್ದೆ, ಹಲವು ಹಕ್ಕುದಾರರು: ಮಧ್ಯಯುಗದ ಜಪಾನಿನಲ್ಲಿ ಕಂದಾಯವೂ ಶೋಗನ್ ಅಧಿಕಾರವೂ

1279ರಲ್ಲಿ ಅಬುತ್ಸು ಎಂಬ ವಯಸ್ಸಾದ ಸನ್ಯಾಸಿನಿಯೊಬ್ಬಳು ಕ್ಯೋಟೋದಿಂದ ಕಾಮಾಕುರಕ್ಕೆ ಹೊರಟಳು. ದಾರಿ ಸವೆಸಲು ಸುಮಾರು ಎರಡು ವಾರ ಹಿಡಿಯಿತು. ತೀರ್ಥಯಾತ್ರೆ ಅವಳ ಉದ್ದೇಶವಾಗಿರಲಿಲ್ಲ, ಅವಳು ಹೊರಟಿದ್ದು ದಾವೆ ಹೂಡಲು. ಅವಳ ಗಂಡ ಫುಜಿವಾರಾ ತಮೆಯಿಯೆ ಆಸ್ಥಾನದ ಹೆಸರಾಂತ ಕವಿಮನೆತನದವನು. ಹರಿಮಾ ಪ್ರಾಂತ್ಯದಲ್ಲಿದ್ದ ಹೊಸೊಕಾವಾ ಎಂಬ ಜಹಗೀರನ್ನು ಅವನು ಮೊದಲು ಹಿರಿಯ ಹೆಂಡತಿಯ ಮಗ ತಮೆಉಜಿಗೆ ಬರೆದುಕೊಟ್ಟಿದ್ದ. ಆಮೇಲೆ ಮನಸ್ಸು ಬದಲಿಸಿ ಅದನ್ನು ಹಿಂದಕ್ಕೆ ಪಡೆದು, ಅಬುತ್ಸುವಿನ ಮಗ ತಮೆಸುಕೆಗೆ ಬರೆದ. 1275ರಲ್ಲಿ ಅವನು ತೀರಿಕೊಂಡ ಮೇಲೆ ತಮೆಉಜಿ ಜಹಗೀರನ್ನು ಬಿಟ್ಟುಕೊಡಲಿಲ್ಲ.

ವಾದಿ, ಪ್ರತಿವಾದಿ ಇಬ್ಬರೂ ಕ್ಯೋಟೋದವರು. ಚಕ್ರವರ್ತಿಯೂ ಅವನ ಆಸ್ಥಾನವೂ ಇದ್ದದ್ದು ಕ್ಯೋಟೋದಲ್ಲಿ. ಹರಿಮಾ ಇರುವುದು ಕ್ಯೋಟೋದ ಪಶ್ಚಿಮಕ್ಕೆ. ಹಾಗಿದ್ದೂ ಈ ಹೆಂಗಸು ಪೂರ್ವಕ್ಕೆ ಹೊರಟು, ಯೋಧರ ಮುಖಂಡನಾದ ಶೋಗನ್‌ನ ಸರ್ಕಾರವಿದ್ದ ಕಾಮಾಕುರದ ಬಾಗಿಲು ತಟ್ಟಿದ್ದೇಕೆ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಮಧ್ಯಯುಗದ ಜಪಾನಿನ ರಾಜಕೀಯದ ಬಹುಪಾಲು ಅರ್ಥವಾಗುತ್ತದೆ. ಶೋಗನ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕತ್ತಿ, ಕವಚ, ಕುದುರೆ. ಆದರೆ ಆ ಅಧಿಕಾರವನ್ನು ಒಂದೂವರೆ ಶತಮಾನ ಹೊತ್ತು ನಿಂತದ್ದು ಅಕ್ಕಿಯ ಲೆಕ್ಕ ಮತ್ತು ಅದರ ಸುತ್ತ ಹುಟ್ಟಿದ ಕಾಗದಪತ್ರ.

ನಮಗೆ ಜಮೀನು ಎಂದರೆ ಪಹಣಿಯಲ್ಲಿ ಒಂದು ಹೆಸರು. ಆ ಹೆಸರಿನವನು ಮಾಲೀಕ, ಉಳಿದವರು ಗೇಣಿದಾರರೋ ಕೂಲಿಯವರೋ ಆಗಿರುತ್ತಾರೆ. ಈ ತಿಳಿವಳಿಕೆಯನ್ನು ಹೊತ್ತುಕೊಂಡು ಹದಿಮೂರನೆಯ ಶತಮಾನದ ಜಪಾನಿಗೆ ಹೋದರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ. ಅಲ್ಲಿ ಗದ್ದೆಗೆ ಒಬ್ಬ ಮಾಲೀಕ ಎಂಬವನಿರಲಿಲ್ಲ. ಗದ್ದೆಯಿಂದ ಬರುವ ಆದಾಯದ ಒಂದೊಂದು ಪಾಲಿಗೆ ಒಬ್ಬೊಬ್ಬ ಒಡೆಯನಿದ್ದ.

ಶುರುವಿನಲ್ಲಿ ಹೀಗಿರಲಿಲ್ಲ. 701ರ ತೈಹೋ ಸಂಹಿತೆಯ ಕಾಲದಲ್ಲಿ ಗದ್ದೆಯೆಲ್ಲ ರಾಜ್ಯದ್ದು ಎಂಬುದು ಕಟ್ಟಳೆ. ಆರು ವರ್ಷ ದಾಟಿದ ಪ್ರತಿ ಗಂಡಿಗೆ ಎರಡು ತಾನ್ (ಒಂದು ತಾನ್ ಎಂದರೆ ಸುಮಾರು ಹನ್ನೆರಡು ಗುಂಟೆ), ಹೆಣ್ಣಿಗೆ ಅದರ ಮೂರನೆಯ ಎರಡು ಭಾಗ ಗದ್ದೆ ಹಂಚಬೇಕು, ಸತ್ತ ಮೇಲೆ ಅದು ರಾಜ್ಯಕ್ಕೆ ಮರಳಬೇಕು. ಹಂಚಲು ಗದ್ದೆ ಸಾಲದಾಯಿತು. 743ರಲ್ಲಿ ಆಸ್ಥಾನವೇ ಹೊಸದಾಗಿ ಹಸನು ಮಾಡಿದ ಭೂಮಿ ಹಸನು ಮಾಡಿದವರಿಗೆ ಶಾಶ್ವತವಾಗಿ ಸೇರುತ್ತದೆ ಎಂದು ಕಾನೂನು ಮಾಡಿತು. ಕಾಡು ಕಡಿದು, ಕಾಲುವೆ ತೋಡಿ ಗದ್ದೆ ಮಾಡುವ ಬಲ ಯಾರಿಗಿತ್ತು? ತೋದೈಜಿಯಂಥ ದೊಡ್ಡ ಮಠಗಳಿಗೆ, ದೊಡ್ಡ ಮನೆತನಗಳಿಗೆ. ಖಾಸಗಿ ಜಹಗೀರುಗಳು ಹುಟ್ಟಿದ್ದು ಹೀಗೆ. ಜಪಾನೀಯರು ಇವನ್ನು ಶೋಯೆನ್ ಎಂದು ಕರೆದರು.

ಮುಂದಿನ ತಿರುವು ಇನ್ನೂ ಮುಖ್ಯ. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಹಳ್ಳಿಗಾಡಿನ ಬಲಾಢ್ಯರು ತಾವು ಕಷ್ಟಪಟ್ಟು ಬೆಳೆಸಿದ ಭೂಮಿಯನ್ನು ರಾಜಧಾನಿಯ ಯಾರಾದರೂ ದೊಡ್ಡವರಿಗೆ ಅರ್ಪಿಸತೊಡಗಿದರು. ಪ್ರಾಂತ್ಯದ ರಾಜ್ಯಪಾಲ ತೆರಿಗೆಗಾಗಿ ಮೇಲೆ ಬೀಳುತ್ತಾನೆ. ಫುಜಿವಾರಾ ಮನೆತನದ್ದೋ ನಿವೃತ್ತ ಚಕ್ರವರ್ತಿಯದ್ದೋ ಹೆಸರು ಆ ಭೂಮಿಯ ಮೇಲೆ ಇದ್ದರೆ ರಾಜ್ಯಪಾಲನ ಆಳುಗಳು ಗಡಿಯೊಳಗೆ ಕಾಲಿಡಲಾಗದು. ಕೊಟ್ಟವನು ಭೂಮಿ ಬಿಟ್ಟು ಹೋಗುವುದಿಲ್ಲ. ಅಲ್ಲೇ ಪಾರುಪತ್ತೆಗಾರನಾಗಿ ಉಳಿಯುತ್ತಾನೆ, ವರ್ಷಕ್ಕಿಷ್ಟು ಎಂದು ಮೇಲಕ್ಕೆ ಕಳುಹಿಸುತ್ತಾನೆ. ಪಡೆದುಕೊಂಡ ಒಡೆಯನಿಗೂ ಸಾಕಷ್ಟು ಬಲವಿಲ್ಲದಿದ್ದರೆ ಅವನು ತನಗಿಂತ ದೊಡ್ಡವನ ಆಸರೆ ಹಿಡಿದು, ಅವನಿಗೂ ಒಂದು ಪಾಲು ಕೊಡುತ್ತಾನೆ.

ಸುಗ್ಗಿಯಲ್ಲಿ ಒಂದು ಶೋಯೆನ್‌ನ ಅಕ್ಕಿ ಎಲ್ಲೆಲ್ಲಿಗೆ ಹೋಗುತ್ತಿತ್ತು ನೋಡಿ. ತುತ್ತತುದಿಯ ಆಶ್ರಯದಾತ ಹೊಂಕೆ. ಅವನು ನಿವೃತ್ತ ಚಕ್ರವರ್ತಿ, ರಾಜಕುಮಾರಿ ಅಥವಾ ಮಹಾದೇಗುಲ ಆಗಿರಬಹುದು. ಅವನ ಕೆಳಗೆ ಜಹಗೀರಿನ ಒಡೆಯ ರ್ಯೋಕೆ. ಅವನ ಪರವಾಗಿ ಮೇಲುಸ್ತುವಾರಿ ನೋಡುವವನೊಬ್ಬ. ಸ್ಥಳದಲ್ಲೇ ಇರುವ ಪಾರುಪತ್ತೆಗಾರ ಮತ್ತೊಬ್ಬ. ಲೆಕ್ಕ ಬರೆಯುವವನು ಬೇರೆ. ಎಲ್ಲರಿಗಿಂತ ಕೆಳಗೆ, ಇಂತಿಷ್ಟು ಗದ್ದೆಯ ತೆರಿಗೆ ಹೊಣೆ ಹೊತ್ತ ಮುಖ್ಯ ಒಕ್ಕಲಿಗ. ನೆಂಗು ಎಂಬ ವಾರ್ಷಿಕ ಅಕ್ಕಿ ತೆರಿಗೆ, ಅದರ ಜೊತೆಗೆ ಬಟ್ಟೆ, ಎಣ್ಣೆ, ಮರದಂಥ ಸರಕು, ಮೇಲೆ ಬಿಟ್ಟಿ ದುಡಿಮೆ, ಇವೆಲ್ಲದರಲ್ಲಿ ಪ್ರತಿಯೊಬ್ಬನಿಗೂ ಅವನವನ ಪಾಲು. ಒಂದು ಕೆಲಸದ ಹೊಣೆ ಮತ್ತು ಆ ಕೆಲಸಕ್ಕೆ ಅಂಟಿಕೊಂಡ ಆದಾಯ, ಇವೆರಡೂ ಸೇರಿದ ಗಂಟಿಗೆ ಶಿಕಿ ಎಂದು ಹೆಸರು. ಶಿಕಿಯನ್ನು ಮಕ್ಕಳಿಗೆ ಬರೆದುಕೊಡಬಹುದು, ಹೆಣ್ಣುಮಕ್ಕಳಿಗೂ ಕೊಡಬಹುದು, ಹೋಳು ಮಾಡಬಹುದು, ಅಡವಿಡಬಹುದು. ಒಬ್ಬನೇ ಒಂದೇ ಜಹಗೀರಿನ ಎರಡು ಬೇರೆ ಬೇರೆ ಶಿಕಿಗಳನ್ನು ಹೊಂದಿರಲೂಬಹುದು. ದೇಶದ ಗದ್ದೆಯೆಲ್ಲ ಶೋಯೆನ್ ಆಗಿತ್ತು ಎಂದೇನೂ ಅಲ್ಲ. ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಪ್ರಮಾಣ ಬದಲಾಗುತ್ತಿತ್ತು, ದೊಡ್ಡ ಭಾಗ ರಾಜ್ಯದ ಲೆಕ್ಕದಲ್ಲೇ ಉಳಿದಿತ್ತು. ಆದರೆ ಅಲ್ಲಿಯೂ ಹುದ್ದೆಗಳು ಇದೇ ರೀತಿ ವಂಶಪಾರಂಪರ್ಯದ ಪಾಲುಗಳಾಗಿ ಮಾರ್ಪಟ್ಟಿದ್ದವು.

ಈ ಏಣಿಯಲ್ಲಿ ಒಂದು ಮೆಟ್ಟಿಲು ಟೊಳ್ಳಾಗಿತ್ತು. ಸ್ಥಳದಲ್ಲಿದ್ದ ಪಾರುಪತ್ತೆಗಾರ ಕುದುರೆ ಏರುವವನು, ಬಿಲ್ಲು ಹಿಡಿಯುವವನು, ಅವನ ಅಜ್ಜನೇ ಕಾಡು ಕಡಿದು ಗದ್ದೆ ಮಾಡಿದವನು. ಆದರೂ ಕ್ಯೋಟೋದಲ್ಲಿ ಕುಳಿತ ಒಡೆಯನಿಗೆ ಸಿಟ್ಟು ಬಂದರೆ ಅವನ ಹುದ್ದೆ ಹೋಯಿತು. ಕೇಳಲು ನ್ಯಾಯಸ್ಥಾನವೂ ಅದೇ ಕ್ಯೋಟೋದ ದೊಡ್ಡವರದ್ದೇ. ನನ್ನ ತಿಳಿವಳಿಕೆಯಲ್ಲಿ ಶೋಗನ್ ಅಧಿಕಾರದ ಬೇರು ಇರುವುದು ಈ ಅಭದ್ರತೆಯಲ್ಲಿ. ಯುದ್ಧಗಳು ಅದಕ್ಕೆ ನೀರೆರೆದವು, ಅಷ್ಟೆ.

1180ರಲ್ಲಿ ಇಝು ಪ್ರಾಂತ್ಯದಲ್ಲಿ ಗಡೀಪಾರಾಗಿದ್ದ ಮಿನಮೋತೋ ಯೋರಿತೋಮೋ ಆಗ ಆಸ್ಥಾನದಲ್ಲಿ ಮೇಲುಗೈ ಪಡೆದಿದ್ದ ತೈರಾ ಮನೆತನದ ವಿರುದ್ಧ ದಂಗೆಯೆದ್ದಾಗ ಅವನ ಕೈಯಲ್ಲಿ ಹಣವಿರಲಿಲ್ಲ, ಸೇನೆಯಿರಲಿಲ್ಲ, ಆಸ್ಥಾನದ ಅಪ್ಪಣೆಯೂ ಇರಲಿಲ್ಲ. ಇದ್ದದ್ದು ಒಂದು ಭರವಸೆ: ನನ್ನೊಡನೆ ಬನ್ನಿ, ನಿಮ್ಮ ಪೂರ್ವಿಕರ ಭೂಮಿ ನಿಮ್ಮದೇ ಎಂದು ನಾನು ಪತ್ರ ಬರೆದುಕೊಡುತ್ತೇನೆ. ಆ ಪತ್ರ ಕೊಡುವ ಕಾನೂನಿನ ಹಕ್ಕು ಅವನಿಗೆ ಆಗ ಕಿಂಚಿತ್ತೂ ಇರಲಿಲ್ಲ. ಆದರೂ ಪೂರ್ವದ ಯೋಧರು ಅವನ ಹಿಂದೆ ನಿಂತರು. ಇಂಥ ಪತ್ರ ಪಡೆದು ಅವನಿಗೆ ನಿಷ್ಠರಾದವರು ಗೋಕೆನಿನ್. 1183ರಲ್ಲಿ ನಿವೃತ್ತ ಚಕ್ರವರ್ತಿ ಗೋ-ಶಿರಕಾವಾ ಒಂದು ಒಪ್ಪಂದಕ್ಕೆ ಬಂದ. ಪೂರ್ವದ ಪ್ರಾಂತ್ಯಗಳಲ್ಲಿ ಶೋಯೆನ್ ಒಡೆಯರಿಗೆ ಬರಬೇಕಾದ ಆದಾಯವನ್ನು ಯೋರಿತೋಮೋ ಮತ್ತೆ ಬರುವಂತೆ ಮಾಡಬೇಕು, ಪ್ರತಿಯಾಗಿ ಅಲ್ಲಿನ ಆಡಳಿತದ ಅಧಿಕಾರ ಅವನದು. ದಂಗೆಕೋರನಾಗಿದ್ದವನು ಹೀಗೆ ಕಂದಾಯದ ಕಾವಲುಗಾರನಾದ.

1185ರಲ್ಲಿ ತೈರಾ ಮನೆತನ ದನ್ನೋಉರದ ಸಮುದ್ರದಲ್ಲಿ ನಾಶವಾಯಿತು. ಅದೇ ವರ್ಷದ ಕೊನೆಗೆ ಯೋರಿತೋಮೋನ ಮಾವ ಹೋಜೋ ತೋಕಿಮಾಸಾ ಸೈನ್ಯ ಕಟ್ಟಿಕೊಂಡು ಕ್ಯೋಟೋಗೆ ಹೋಗಿ ಎರಡು ಹುದ್ದೆಗಳಿಗೆ ಒಪ್ಪಿಗೆ ಪಡೆದ. ಪ್ರಾಂತ್ಯಕ್ಕೊಬ್ಬ ಶುಗೋ, ಜಹಗೀರುಗಳಿಗೆ ಜಿತೋ. ಜೊತೆಗೆ ಪ್ರತಿ ತಾನ್ ಗದ್ದೆಯಿಂದ 5 ಶೋ (ಶೋ ಎಂಬುದು ಧಾನ್ಯ ಅಳೆಯುವ ಒಂದು ಅಳತೆ) ಅಕ್ಕಿಯನ್ನು ಸೇನೆಯ ಖರ್ಚಿಗೆ ಎತ್ತುವ ಅನುಮತಿ. ಒಡೆಯರೆಲ್ಲ ಬೊಬ್ಬೆ ಹೊಡೆದರು. ಮರುವರ್ಷವೇ ಯೋರಿತೋಮೋ ಆ ಅಕ್ಕಿಯನ್ನು ಕೈಬಿಟ್ಟ, ಜಿತೋ ನೇಮಕವನ್ನು ತೈರಾಗಳಿಂದಲೂ ದಂಗೆಕೋರರಿಂದಲೂ ಮುಟ್ಟುಗೋಲು ಹಾಕಿಕೊಂಡ ಭೂಮಿಗೆ ಸೀಮಿತಗೊಳಿಸಿದ. ಈ ಹಿಂದೆ ಸರಿಯುವಿಕೆಯನ್ನು ಸೋಲೆಂದು ನಾನು ಓದುವುದಿಲ್ಲ. ಇಡೀ ದೇಶದ ದ್ವೇಷ ಕಟ್ಟಿಕೊಳ್ಳುವುದಕ್ಕಿಂತ ಒಂದು ಗಟ್ಟಿ ಹಕ್ಕನ್ನು ಉಳಿಸಿಕೊಳ್ಳುವುದು ಲೇಸೆಂದು ಅವನು ಬಲ್ಲ. ಅವನು ಶೋಗನ್ ಪಟ್ಟ ಪಡೆದದ್ದು 1192ರಲ್ಲಿ. ಅಷ್ಟು ಹೊತ್ತಿಗೆ ಆ ಅಧಿಕಾರದ ಅಡಿಪಾಯ ಬಿದ್ದು ಏಳು ವರ್ಷವಾಗಿತ್ತು.

ಜಿತೋ ಮಾಡುವ ಕೆಲಸ ಹಳೆಯ ಪಾರುಪತ್ತೆಗಾರನದ್ದೇ. ನೆಂಗು ವಸೂಲು ಮಾಡಿ ಒಡೆಯನಿಗೆ ಮುಟ್ಟಿಸಬೇಕು, ಕಳ್ಳಕಾಕರನ್ನು ಹಿಡಿಯಬೇಕು, ರೂಢಿಯಂತೆ ತನ್ನ ಪಾಲು ಇಟ್ಟುಕೊಳ್ಳಬೇಕು. ವ್ಯತ್ಯಾಸ ಒಂದೇ: ಅವನನ್ನು ನೇಮಿಸುವುದೂ ತೆಗೆಯುವುದೂ ಕಾಮಾಕುರ. ಜಹಗೀರಿನ ಒಡೆಯ ಎಷ್ಟೇ ದೊಡ್ಡವನಾದರೂ ಅವನನ್ನು ಮುಟ್ಟುವಂತಿಲ್ಲ. ಶೋಗನ್‌ಗೆ ತನ್ನದೇ ಜಹಗೀರುಗಳೂ ಇದ್ದವು, ತೈರಾಗಳಿಂದ ಕಿತ್ತುಕೊಂಡವೇ 500ಕ್ಕೂ ಹೆಚ್ಚು. ಆದರೆ ದೇಶದ ಉಳಿದೆಡೆ ಅವನು ಗದ್ದೆಯ ಒಡೆಯನೂ ಅಲ್ಲ, ತೆರಿಗೆ ಅವನ ಕಣಜಕ್ಕೆ ಬರುವುದೂ ಇಲ್ಲ. ಏಣಿಯ ಒಂದೇ ಒಂದು ಮೆಟ್ಟಿಲನ್ನು ಅವನು ಕ್ಯೋಟೋದ ಕೈಯಿಂದ ಬಿಡಿಸಿ ತನ್ನ ಕೈಗೆ ತೆಗೆದುಕೊಂಡಿದ್ದ. ಶುಗೋ ಎಂಬುವನ ಕೆಲಸ ಆಗಿನ್ನೂ ಕಿರಿದು. ಕ್ಯೋಟೋದ ಕಾವಲಿಗೆ ಗೋಕೆನಿನ್‌ಗಳನ್ನು ಸರದಿಯಂತೆ ಕಳುಹಿಸುವುದು, ರಾಜದ್ರೋಹಿಗಳನ್ನು ಮತ್ತು ಕೊಲೆಗಾರರನ್ನು ಹಿಡಿಯುವುದು, ಅಷ್ಟೆ.

ಆ ಒಂದು ಮೆಟ್ಟಿಲಿನ ಬೆಲೆ ಎಷ್ಟೆಂಬುದು 1221ರಲ್ಲಿ ಬಯಲಾಯಿತು. ನಿವೃತ್ತ ಚಕ್ರವರ್ತಿ ಗೋ-ತೋಬಾ ತನ್ನ ಪ್ರೀತಿಯ ನರ್ತಕಿ ಕಮೆಗಿಕುಗೆ ಸೆತ್ತ್ಸು ಪ್ರಾಂತ್ಯದ ನಾಗಯೆ ಮತ್ತು ಕುರಹಾಶಿ ಜಹಗೀರುಗಳನ್ನು ಕೊಟ್ಟಿದ್ದ. ಅಲ್ಲಿನ ಜಿತೋ ಅವಳ ಮಾತು ಕೇಳುವುದಿಲ್ಲ, ತೆಗೆದುಹಾಕಿ ಎಂದು ಕಾಮಾಕುರಕ್ಕೆ ಹೇಳಿ ಕಳುಹಿಸಿದ. ಶೋಗನ್ ಹೆಸರಿನಲ್ಲಿ ಆಳುತ್ತಿದ್ದ ಹೋಜೋ ಯೋಶಿತೋಕಿ ಒಪ್ಪಲಿಲ್ಲ. ಯುದ್ಧದ ಸೇವೆಗೆಂದು ಕೊಟ್ಟ ಹುದ್ದೆಯನ್ನು ಅಪರಾಧವಿಲ್ಲದೆ ಕಿತ್ತುಕೊಳ್ಳಲಾಗದು ಎಂಬುದು ಅವನ ನಿಲುವು. ಒಪ್ಪಿದ್ದರೆ ಪ್ರತಿಯೊಬ್ಬ ಗೋಕೆನಿನ್‌ನ ಕೈಯಲ್ಲಿದ್ದ ಪತ್ರವೂ ಬರೀ ಕಾಗದವಾಗುತ್ತಿತ್ತು. ಯುದ್ಧಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಪೂರ್ವದ ಯೋಧರು ಚಕ್ರವರ್ತಿಯ ಮನೆತನದ ಮೇಲೆಯೇ ಬಿಲ್ಲೆತ್ತಲು ಹಿಂಜರಿಯದಿದ್ದದ್ದು ಏಕೆಂದು ಈ ಒಂದು ಜಗಳ ತಿಳಿಸುತ್ತದೆ. ತಿಂಗಳೊಪ್ಪತ್ತಿನಲ್ಲಿ ಎಲ್ಲ ಮುಗಿಯಿತು. ಗೋ-ತೋಬಾ ಓಕಿ ದ್ವೀಪಕ್ಕೆ ಗಡೀಪಾರಾದ.

ಗೋ-ತೋಬಾನ ಪಕ್ಷದವರಿಂದ ಮುಟ್ಟುಗೋಲು ಹಾಕಿಕೊಂಡ ಭೂಮಿ 3,000 ಕಡೆಗಳಲ್ಲಿತ್ತು ಎಂದು ಕಾಮಾಕುರದ ವೃತ್ತಾಂತ ಹೇಳುತ್ತದೆ. ಬಹುಪಾಲು ಪಶ್ಚಿಮ ಜಪಾನಿನಲ್ಲಿದ್ದ ಆ ಜಾಗಗಳಿಗೆಲ್ಲ ಪೂರ್ವದ ಯೋಧರು ಜಿತೋಗಳಾಗಿ ಹೋದರು. ಹೊಸ ಊರು, ಹಿಂದಿನ ರೂಢಿ ತಿಳಿಯದು. 1223ರಲ್ಲಿ ದರ ನಿಗದಿಯಾಯಿತು. ಪ್ರತಿ 11 ಚೋ ಗದ್ದೆಯಲ್ಲಿ 10 ಚೋ ಒಡೆಯನಿಗೆ, 1 ಚೋ ಜಿತೋಗೆ. ಅದರ ಮೇಲೆ ತಾನ್‌ಗೆ 5 ಶೋ ಅಕ್ಕಿ. ಬೆಟ್ಟ ಮತ್ತು ಹೊಳೆಯ ಉತ್ಪನ್ನದಲ್ಲಿ ಅರ್ಧ. ಹತ್ತು ತಾನ್ ಸೇರಿದರೆ ಒಂದು ಚೋ, ನಮ್ಮ ಲೆಕ್ಕದಲ್ಲಿ ಮೂರು ಎಕರೆಗೆ ಹತ್ತಿರ. ಹಿಂದಿನಿಂದ ಬಂದ ದರ ಇರುವ ಕಡೆ ಹಿಂದಿನದೇ ನಡೆಯಬೇಕು, ಇಲ್ಲದ ಕಡೆ ಮಾತ್ರ ಈ ಹೊಸ ದರ.

ಕಾಗದದ ಮೇಲೆ ಇಷ್ಟು ಅಚ್ಚುಕಟ್ಟು. ಊರಿನಲ್ಲಿ ಏನಾಗುತ್ತಿತ್ತು ಎಂಬುದಕ್ಕೆ 1275ರ ಒಂದು ದೂರುಪತ್ರ ಉಳಿದಿದೆ. ಕೀ ಪ್ರಾಂತ್ಯದ ಬೆಟ್ಟಗಳ ನಡುವಿನ ಅತೆಗಾವಾ ಜಹಗೀರಿನ ರೈತರು ತಮ್ಮ ಒಡೆಯನಿಗೆ ಬರೆದದ್ದು, 13 ಅಂಶಗಳಿವೆ. ವಿದ್ವಾಂಸರ ಚೀನೀ ಲಿಪಿಯ ಬದಲು ಬಹುಮಟ್ಟಿಗೆ ಉಚ್ಚಾರವನ್ನಷ್ಟೇ ಬರೆಯುವ ಕತಕಾನದ ಅಕ್ಷರಗಳಲ್ಲಿ, ಆಡಿದ ಮಾತನ್ನೇ ಇಳಿಸಿದಂತಿದೆ. ನೀವು ಕೇಳಿದ ಮರದ ದಿಮ್ಮಿ ತಡವಾಯಿತು, ಕಾರಣ ಹೇಳುತ್ತೇವೆ ಎನ್ನುತ್ತಾರೆ. ಜಿತೋ ಯುಆಸಾ ಮನೆತನದವನು. ಕ್ಯೋಟೋಗೆ ಹೋಗುತ್ತೇನೆ ಎಂದೋ ಹತ್ತಿರದ ಕೆಲಸವಿದೆ ಎಂದೋ ಜನರನ್ನು ಬಿಟ್ಟಿಗೆ ಎಳೆದೊಯ್ಯುತ್ತಾನೆ. ಉಳಿದ ನಾಲ್ಕು ಜನ ಮರ ಕಡಿಯಲು ಬೆಟ್ಟ ಹತ್ತಿದರೆ, ಓಡಿಹೋದ ರೈತರ ಹೊಲದಲ್ಲಿ ಗೋಧಿ ಬಿತ್ತಿ ಎಂದು ಅಟ್ಟಿ ವಾಪಸು ಕರೆತರುತ್ತಾನೆ. ಬಿತ್ತದಿದ್ದರೆ ನಿಮ್ಮ ಹೆಂಗಸರನ್ನು ಕೂಡಿಹಾಕಿ, ಕಿವಿ ಕತ್ತರಿಸಿ, ಮೂಗು ಕೊಯ್ದು, ಕೂದಲು ಕತ್ತರಿಸಿ ಸನ್ಯಾಸಿನಿಯರಂತೆ ಮಾಡಿ, ಹಗ್ಗದಲ್ಲಿ ಬಿಗಿಯುತ್ತೇನೆ ಎನ್ನುತ್ತಾನೆ. ಇಬ್ಬರು ಒಡೆಯರ ನಡುವೆ ಸಿಕ್ಕಿಕೊಂಡ ಜನ ಇವರು, ಒಬ್ಬನಿಗೆ ದಿಮ್ಮಿ ಬೇಕು, ಇನ್ನೊಬ್ಬನಿಗೆ ಗೋಧಿ ಬೇಕು. ಹಕ್ಕುಗಳ ಏಣಿಯನ್ನು ಎಷ್ಟೇ ಸೊಗಸಾಗಿ ವಿವರಿಸಿದರೂ ಅದರ ಭಾರವೆಲ್ಲ ಬಿದ್ದದ್ದು ಈ ಹೆಗಲುಗಳ ಮೇಲೆ. ಅವರ ಮಾತು ಏಳೂವರೆ ಶತಮಾನ ದಾಟಿ ನಮ್ಮ ಕೈಗೆ ಬಂದಿರುವುದು ಇತಿಹಾಸದ ಒಂದು ದೊಡ್ಡ ಉಪಕಾರ.

ಜಿತೋಗಳು ನೆಂಗು ತಡೆಹಿಡಿಯುವುದು, ಒಡೆಯರು ದೂರು ಕೊಡುವುದು ನಿತ್ಯದ ಕಥೆಯಾಯಿತು. ಕಾಮಾಕುರ ಇಲ್ಲಿ ನಡೆದುಕೊಂಡ ರೀತಿಯೇ ನನ್ನನ್ನು ಬಹಳ ಸೆಳೆಯುವ ಸಂಗತಿ. ತನ್ನವರನ್ನು ಕುರುಡಾಗಿ ಕಾಯುವ ಬದಲು ಅದು ನ್ಯಾಯಸ್ಥಾನವಾಗಿ ಕುಳಿತುಕೊಂಡಿತು. 1232ರಲ್ಲಿ ಯೋಶಿತೋಕಿಯ ಮಗ ಹೋಜೋ ಯಸುತೋಕಿ 51 ಕಲಮುಗಳ ಕಾನೂನು ಹೊರಡಿಸಿದ. ಐದನೆಯ ಕಲಮಿನ ಪ್ರಕಾರ ಜಿತೋ ನೆಂಗು ಉಳಿಸಿಕೊಂಡಿದ್ದರೆ, ಒಡೆಯ ದೂರಿದೊಡನೆ ಲೆಕ್ಕ ಒಪ್ಪಿಸಬೇಕು. ಬಾಕಿ ಸಣ್ಣದಾದರೆ ಕೂಡಲೇ, ದೊಡ್ಡದಾದರೆ ಮೂರು ವರ್ಷದೊಳಗೆ ತೀರಿಸಬೇಕು. ತಪ್ಪಿದರೆ ಹುದ್ದೆ ಹೋಗುತ್ತದೆ. ಎಂಟನೆಯ ಕಲಮು ಹೇಳುವುದು: 20 ವರ್ಷ ಅನುಭೋಗಿಸಿದ ಭೂಮಿಯನ್ನು, ಹಳೆಯ ಹಕ್ಕಿನ ತಕರಾರು ಎತ್ತಿ, ಕಿತ್ತುಕೊಳ್ಳುವಂತಿಲ್ಲ. ವಾದಿ ಮೂರು ಬಾರಿ ಲಿಖಿತವಾಗಿ ಆಪಾದಿಸಬೇಕು, ಪ್ರತಿವಾದಿ ಮೂರು ಬಾರಿ ಲಿಖಿತ ಉತ್ತರ ಕೊಡಬೇಕು, ಆಮೇಲೆ ಎದುರುಬದುರಿನ ವಿಚಾರಣೆ. ದಾವೆಗಳು ಹೆಚ್ಚಿದಾಗ, 1249ರಲ್ಲಿ, ಭೂವ್ಯಾಜ್ಯಕ್ಕೆಂದೇ ಪ್ರತ್ಯೇಕ ಪೀಠಗಳು ಬಂದವು.

ತೀರ್ಪಿನಿಂದ ಜಗಳ ನಿಲ್ಲದ ಕಡೆ ರಾಜಿ. ಸುಗ್ಗಿ ಹೇಗೇ ಇರಲಿ, ವರ್ಷಕ್ಕೆ ಇಂತಿಷ್ಟು ಕೊಡುತ್ತೇನೆ, ಜಹಗೀರಿನ ಆಡಳಿತ ನನಗೇ ಬಿಡಿ ಎಂದು ಜಿತೋ ಗುತ್ತಿಗೆ ಹಿಡಿಯುವುದು ಒಂದು ದಾರಿ. ಭೂಮಿಯನ್ನೇ ಎರಡು ಹೋಳು ಮಾಡಿ ಬೇರೆಯಾಗುವುದು ಇನ್ನೊಂದು. ಹೋಕಿ ಪ್ರಾಂತ್ಯದ ತೋಗೋ ಜಹಗೀರು 1258ರಲ್ಲಿ ಹೀಗೆ ಹೋಳಾಯಿತು. ಆಗ ಬರೆದ ನಕ್ಷೆಯ ಪ್ರತಿ ಇಂದಿಗೂ ಇದೆ. ನಡುವೆ ಸರೋವರ, ಸುತ್ತ ಬೆಟ್ಟ, ಕಡಲ ತೀರ, ಗದ್ದೆ, ದೇಗುಲ, ಮನೆ, ಹಾಯಿದೋಣಿ. ಅದರ ಮೇಲೆ ಕೆಂಪು ಶಾಯಿಯ ಗೆರೆಗಳು. ದಾರಿ ಇರುವ ಕಡೆ ದಾರಿಯೇ ಗಡಿ. ಇಲ್ಲದ ಕಡೆ ಕೆಂಪು ಗೆರೆ. ದಟ್ಟ ಬೆಟ್ಟದಲ್ಲಿ ಗೆರೆ ಎಳೆಯಲಾಗದಿದ್ದರೆ ಎರಡು ತುದಿಗಳನ್ನು ಸೇರಿಸಿ ಊಹಿಸಿಕೊಳ್ಳಬೇಕು. ಪೂರ್ವದ ಭಾಗ ಒಡೆಯ ಮತ್ಸುನೋ ದೇಗುಲಕ್ಕೆ, ಪಶ್ಚಿಮದ ಭಾಗ ಜಿತೋಗೆ. ಕೆಂಪು ಗೆರೆಗಳ ಇಕ್ಕೆಲಗಳಲ್ಲಿ ಕಾಮಾಕುರದ ಅತ್ಯುನ್ನತ ಅಧಿಕಾರಿಗಳಿಬ್ಬರ ಅಂಕಿತವಿದೆ. ದೂರದ ಒಂದು ಸರೋವರದ ದಡದಲ್ಲಿ ಯಾರ ಗದ್ದೆ ಎಲ್ಲಿ ಮುಗಿಯುತ್ತದೆ ಎಂಬುದು ಆ ಅಂಕಿತದಿಂದ ತೀರ್ಮಾನವಾಯಿತು. ಶೋಗನ್ ಅಧಿಕಾರ ಹಳ್ಳಿಗೆ ಇಳಿದದ್ದು ಹೀಗೆ.

ಅಬುತ್ಸು ಪೂರ್ವಕ್ಕೆ ನಡೆದದ್ದೂ ಇದೇ ಕಾರಣಕ್ಕೆ. ಹೊಸೊಕಾವಾದಲ್ಲಿ ಅವಳ ಗಂಡನ ಮನೆತನಕ್ಕೆ ಜಿತೋ ಶಿಕಿಯೂ ಇತ್ತು. ಜಿತೋ ಶಿಕಿಯ ಜಗಳ ಬಿಡಿಸುವ ಅಧಿಕಾರ ಕಾಮಾಕುರದ್ದು. ಅದಲ್ಲದೆ, ತಂದೆತಾಯಿ ಒಮ್ಮೆ ಕೊಟ್ಟದ್ದನ್ನು ಹಿಂಪಡೆದು ಇನ್ನೊಬ್ಬ ಮಗುವಿಗೆ ಕೊಡಬಹುದು ಎಂದು 1232ರ ಕಾನೂನು ಸ್ಪಷ್ಟವಾಗಿ ಒಪ್ಪಿತ್ತು. ಆಸ್ಥಾನದ ಕಾನೂನಿನಲ್ಲಿ ಅವಳಿಗೆ ಅಂಥ ಗಟ್ಟಿ ಆಧಾರ ಸಿಗುತ್ತಿರಲಿಲ್ಲ. ಕವಿಮನೆತನದ ವಿಧವೆ ಯೋಧರ ಕಾನೂನಿನ ನೆರಳಿಗೆ ಹೋದಳು. ಕೊನೆಯ ತೀರ್ಪು ತಮೆಸುಕೆಯ ಪರವಾಗಿ ಬಂದದ್ದು 1313ರಲ್ಲಿ. ತಾಯಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

ಹಕ್ಕು ಕೊಟ್ಟು ನಿಷ್ಠೆ ಪಡೆಯುವ ಈ ವ್ಯವಸ್ಥೆಗೆ ಕೊಡಲು ಹೊಸ ಹಕ್ಕು ಇರಲೇಬೇಕು. 1185 ಮತ್ತು 1221ರಲ್ಲಿ ಸೋತವರ ಭೂಮಿ ಕೈಗೆ ಬಂತು. 1274 ಮತ್ತು 1281ರಲ್ಲಿ ಮಂಗೋಲರ ದಾಳಿಯನ್ನು ಎದುರಿಸಿ ನಿಂತಾಗ ಒಂದಂಗುಲ ಭೂಮಿಯೂ ಬರಲಿಲ್ಲ. ಹಿಗೋ ಪ್ರಾಂತ್ಯದ ತಕೆಝಾಕಿ ಸುಯೆನಾಗಾ ಮೊದಲ ದಾಳಿಯಲ್ಲಿ ಮುಂಚೂಣಿಯಲ್ಲಿ ಕಾದಾಡಿ ಗಾಯಗೊಂಡವನು. ಬಹುಮಾನ ಬಾರದ್ದರಿಂದ 1275ರಲ್ಲಿ ದಾರಿಖರ್ಚಿಗೆ ಕುದುರೆ, ತಡಿ ಮಾರಿ ಕಾಮಾಕುರಕ್ಕೆ ಹೋದ. ಹಿರಿಯ ಅಧಿಕಾರಿ ಅದಾಚಿ ಯಸುಮೋರಿಯನ್ನು ಕಂಡು, ನಾನು ಹೇಳುವುದು ಸುಳ್ಳಾದರೆ ನನ್ನ ತಲೆ ತೆಗೆಯಿರಿ ಎಂದ. ಕೈತೋ ಎಂಬ ಊರಿನ ಜಿತೋ ಹುದ್ದೆಯೂ ಒಂದು ಕುದುರೆಯೂ ಅವನಿಗೆ ದಕ್ಕಿತು. ತನ್ನ ಹೋರಾಟವನ್ನೂ ಈ ಅಹವಾಲನ್ನೂ ಅವನು ಮುಂದೆ ಚಿತ್ರದ ಸುರುಳಿಯಲ್ಲಿ ಬರೆಸಿದ್ದಾನೆ. ಎಲ್ಲರಿಗೂ ಅವನ ಛಲ, ಅವನ ಅದೃಷ್ಟ ಇರಲಿಲ್ಲ.

ಇತ್ತ ಗೋಕೆನಿನ್ ಮನೆಗಳಲ್ಲಿ ಗಂಡು, ಹೆಣ್ಣು ಎಲ್ಲ ಮಕ್ಕಳಿಗೂ ಪಾಲು ಹಂಚಿ ಹಂಚಿ ಶಿಕಿಗಳು ಚೂರಾಗಿದ್ದವು. ಹೆಣ್ಣುಮಕ್ಕಳ ಪಾಲನ್ನು ಅವರ ಜೀವಿತಾವಧಿಗೆ ಮಾತ್ರ ಎಂದು ಕಟ್ಟುಹಾಕತೊಡಗಿದ್ದೂ ಈ ಇಕ್ಕಟ್ಟಿನಲ್ಲೇ. ಖರ್ಚು ಹೆಚ್ಚಿ, ಸಾಲ ಬೆಳೆದು, ಭೂಮಿ ಅಡವಿಗೆ ಬಿತ್ತು. 1297ರಲ್ಲಿ ಕಾಮಾಕುರ ಒಂದು ಆಜ್ಞೆ ಹೊರಡಿಸಿತು. ಗೋಕೆನಿನ್ ಮಾರಿದ ಭೂಮಿ ಬೆಲೆ ಹಿಂದಿರುಗಿಸದೆಯೇ ಅವನಿಗೆ ವಾಪಸು. ಕೊಂಡವನೂ ಗೋಕೆನಿನ್ ಆಗಿದ್ದು 20 ವರ್ಷ ಕಳೆದಿದ್ದರೆ ಮಾತ್ರ ಅವನಲ್ಲೇ ಉಳಿಯುತ್ತದೆ. ಕೊಂಡವನು ಬೇರೆಯವನಾದರೆ ಎಷ್ಟು ವರ್ಷವಾಗಿದ್ದರೂ ಮರಳಿಸಬೇಕು. ಆಗ ಸಾಲ ಕೊಡುವವರೇ ಹಿಂಜರಿದರು. ಬರೆದ ಪತ್ರಕ್ಕೆ ಬೆಲೆ ಇದೆ ಎಂಬ ನಂಬಿಕೆಯಿಂದ ಬೆಳೆದ ಸರ್ಕಾರ ತನ್ನ ಕೈಯಾರೆ ಪತ್ರಗಳ ಬೆಲೆ ಕಳೆಯಿತು. 1333ರಲ್ಲಿ ಅದು ಬಿದ್ದಾಗ ಬೀಳಿಸಿದವರಲ್ಲಿ ಗೋಕೆನಿನ್‌ಗಳೇ ಮುಂದಿದ್ದರು.

ನಂತರ ಬಂದ ಆಶಿಕಾಗಾ ಶೋಗನ್‌ಗಳದ್ದು ಬೇರೆ ಲೆಕ್ಕ. ಅಂತರ್ಯುದ್ಧದ ನಡುವೆ, 1352ರಲ್ಲಿ, ಓಮಿ, ಮಿನೋ, ಓವಾರಿ ಪ್ರಾಂತ್ಯಗಳ ಶೋಯೆನ್ ನೆಂಗುವಿನಲ್ಲಿ ಅರ್ಧವನ್ನು ಸೇನೆಯ ಅಕ್ಕಿಗೆಂದು ಶುಗೋಗಳ ಕೈಗೆ ಕೊಟ್ಟರು. ಒಂದು ಬೆಳೆಗೆ ಮಾತ್ರ ಎಂಬ ಷರತ್ತು ನಿಲ್ಲಲಿಲ್ಲ. 1368ರ ಆಜ್ಞೆ ಚಕ್ರವರ್ತಿ ಮನೆತನದ ಮತ್ತು ದೇವಾಲಯ, ಮಠಗಳ ಜಹಗೀರುಗಳಂಥ ಕೆಲವನ್ನು ಬಿಟ್ಟು, ಉಳಿದೆಡೆ ಭೂಮಿಯನ್ನೇ ಅರ್ಧ ಮಾಡುವುದಕ್ಕೆ ಒಪ್ಪಿತು. ಮೂರೇ ಕೆಲಸದ ಶುಗೋ ಈಗ ತೀರ್ಪು ಜಾರಿ ಮಾಡುವವನೂ ಆದ, ಇಡೀ ಪ್ರಾಂತ್ಯದ ಜಹಗೀರುಗಳ ಗುತ್ತಿಗೆದಾರನೂ ಆದ. ಕಾಮಾಕುರ ಪಾಲುದಾರರ ನಡುವೆ ಕುಳಿತು ಬಲ ಗಳಿಸಿತ್ತು. ಆಶಿಕಾಗಾಗಳು ಪಾಲನ್ನೇ ಹಂಚಿ ಬೆಂಬಲ ಕೊಂಡರು. ಕೊಂಡ ಬೆಂಬಲ 1467ರಿಂದ 1477ರ ಓನಿನ್ ಯುದ್ಧದಲ್ಲಿ ಚದುರಿಹೋಯಿತು, ಕ್ಯೋಟೋ ಸುಟ್ಟು ಬೂದಿಯಾಯಿತು. ಆಮೇಲೆ ಸ್ಥಳೀಯ ದೊರೆಗಳು ಯಾರ ಪತ್ರಕ್ಕೂ ಕಾಯದೆ ತಮ್ಮ ನಾಡನ್ನು ತಾವೇ ಅಳೆದು ತೆರಿಗೆ ಕಟ್ಟಿಕೊಂಡರು.

ಶಿಕಿಗಳ ಏಣಿಯನ್ನು ಕೊನೆಗೆ ಮುರಿದು ಹಾಕಿದವನು ತೊಯೊತೊಮಿ ಹಿದೆಯೋಶಿ. ಅವನು ಶೋಗನ್ ಆದವನಲ್ಲ. 1582ರಿಂದ ಅವನ ಮೋಜಣಿದಾರರು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಹೋಗಿ, ಒಂದೇ ಅಳತೆಗೋಲು, ಒಂದೇ ಅಳತೆಯ ಕೊಳಗ ಹಿಡಿದು ಗದ್ದೆ ಗದ್ದೆಯನ್ನೂ ಅಳೆದರು. ಪ್ರತಿ ಗದ್ದೆಯ ಎದುರು ಅದರ ಇಳುವರಿಯನ್ನು ಅಕ್ಕಿಯ ಲೆಕ್ಕದಲ್ಲಿ ಬರೆದು, ಉಳುವವನೊಬ್ಬನ ಹೆಸರು ನಮೂದಿಸಿದರು. ತೆರಿಗೆಯ ಹೊಣೆ ಅವನದು, ಅದು ಸೇರುವುದು ಒಬ್ಬ ದೊರೆಗೆ. ನಡುವಿನ ಹೊಂಕೆ, ರ್ಯೋಕೆ, ಜಿತೋ ಯಾರ ಪಾಲಿಗೂ ಆ ದಫ್ತರದಲ್ಲಿ ಕಲಮು ಇರಲಿಲ್ಲ.